ಇಪ್ಪತ್ತಾರೂವರೆ ಇಂಚು

ನಾನು ಮೋಟಾರ್ ಸೈಕಲ್ ನಡೆಸಿದವಳಲ್ಲ. ಆದರೂ ಹಾನಗಲ್ಲಿನಲ್ಲಿ ಯಾರಿಗಾದರೂ ಫಟಫಟಿ ಕೊಳ್ಳುವ ಮನಸ್ಸಾದರೆ ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ. "ಹೊಸದಾಗಿ ಕಲಿಯವ್ರಿಗೆ ಯಾವುದು ಚಲೋ ರೀ?" ಎಂದು ಕೇಳುತ್ತಾರೆ. ಈಜು ಬಾರದವಳನ್ನು ಕೆರೆಯ ಆಳ ಕೇಳಿದ ಹಾಗೆ. ನಾನೂ ಸಂಕೋಚವಿಲ್ಲದೆ ಆಳ ಹೇಳುತ್ತೇನೆ, ಅದು ಸರಿಯಾಗಿಯೂ ಇರುತ್ತದೆ. ಈ ಜ್ಞಾನ ನನಗೆ ಒಂದು ಮೋಸದಿಂದ ಬಂತು. ಮೋಸ ಎರಡೂವರೆ ಇಂಚಿನದು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಧಾರವಾಡದಲ್ಲಿ ಗಣಿತ ತೆಗೆದುಕೊಂಡು ಬಿ.ಎ. ಮುಗಿಸಿ ಮನೆಗೆ ಬಂದಿದ್ದೆ. ತಮ್ಮ ಶೇಖರ ಮುಂಬೈಯಲ್ಲಿ ದನದ ವೈದ್ಯ ಕಲಿತು ಬಂದು ಹಾನಗಲ್ಲು, ಶಿಗ್ಗಾಂವ, ಹಿರೇಕೆರೂರು ಎಂದು ತಿರುಗುವ ನೌಕರಿ ಹಿಡಿದಿದ್ದ. ದನಗಳಿಗೆ ದೊಡ್ಡರೋಗ ಬಂದರೆ ಒಂದು ದಿನ ತಡವಾದರೂ ಅರ್ಧ ಊರಿನ ಕೊಟ್ಟಿಗೆ ಖಾಲಿ. ಸೈಕಲ್ಲಿನಲ್ಲಿ ಹೋಗಿ ಪೂರೈಸುವ ಕೆಲಸವಲ್ಲ. ಫಟಫಟಿ ಬೇಕೆಂದು ಮೂರು ಕಂಪನಿಗಳ ಪುಸ್ತಕ ತರಿಸಿದ. ತರಿಸಿದವನು ತೆರೆದು ನೋಡಲಿಲ್ಲ. "ಅಕ್ಕಾ, ನೀನ ಆರಿಸು. ನನಗ ಇದರಾಗ ಬಣ್ಣ ಅಷ್ಟ ತಿಳಿತೈತಿ" ಎಂದು ನನ್ನ ಮಡಿಲಿಗೆ ಹಾಕಿದ.

ಪುಸ್ತಕಗಳನ್ನು ನಾನು ಪರೀಕ್ಷೆಗೆ ಓದಿದಂತೆ ಓದಿದೆ. ನೂರೈವತ್ತು ಸಿ.ಸಿ.ಯದು ಸವಣೂರ ಕಡೆಯ ಎರೆಮಣ್ಣಿನಲ್ಲಿ ಮೊದಲ ಮಳೆಗೇ ಕೂತುಬಿಡುತ್ತದೆ. ಐನೂರರದು ಬಿದ್ದರೆ ಎತ್ತಲು ನಾಲ್ಕು ಜನ ಬೇಕು, ಹೊಸಬ ಬೀಳದೆ ಕಲಿಯುವುದಿಲ್ಲ. ಆದ್ದರಿಂದ ನಡುವಿನ ಮುನ್ನೂರೈವತ್ತು. ಇಲ್ಲಿಯವರೆಗೆ ಪ್ರಾಮಾಣಿಕಳಾಗಿದ್ದೆ. ಆ ಅಳತೆಯಲ್ಲಿ ಎರಡು ಗಾಡಿ ಉಳಿದವು. ಒಂದರ ಸೀಟು ನೆಲದಿಂದ ಇಪ್ಪತ್ತೊಂಬತ್ತು ಇಂಚು, ಇನ್ನೊಂದರದು ಇಪ್ಪತ್ತಾರೂವರೆ. ಶೇಖರ ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಎತ್ತರದವನು. ಮೊದಲನೆಯದು ಅವನಿಗೆಂದೇ ಮಾಡಿದಂತಿತ್ತು.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ ನನ್ನ ಕೋಣೆಯ ಅಗಳಿ ಹಾಕಿದೆ. ಕಬ್ಬಿಣದ ಟ್ರಂಕಿನ ಮೇಲೆ ಲೋಡು ಇಟ್ಟೆ, ಅದರ ಮೇಲೆ ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿ ಕುಳಿತೆ. ಹಿಮ್ಮಡಿ ಮೇಲೇ ಉಳಿಯಿತು. ಲೋಡು ತೆಗೆದು ಮಡಿಸಿದ ಕೌದಿ ಇಟ್ಟೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದಾಗ ಇಳಿದು, ಹೊಲಿಗೆಯ ಟೇಪಿನಿಂದ ಅಳೆದೆ. ಇಪ್ಪತ್ತಾರೂವರೆ ಇಂಚು. ಕೌದಿಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿಟ್ಟು ಅಗಳಿ ತೆಗೆದೆ.

ಹಳೆಯ ವಾಡೆಗಳ ಬಾಗಿಲಲ್ಲಿ ಕುದುರೆ ಹತ್ತುವ ಕಲ್ಲು ಇರುತ್ತದೆ, ನೋಡಿದ್ದೀರಲ್ಲ? ಗಿಡ್ಡ ದೇಸಾಯರು ಅದರ ಮೇಲೆ ನಿಂತು ಕುದುರೆ ಹತ್ತಿದರು. ಅದಕ್ಕಾಗಿ ಅವರನ್ನು ನೋಡಿ ಯಾರೂ ನಗಲಿಲ್ಲ, ಕಲ್ಲನ್ನು ಬಾಗಿಲಲ್ಲೇ ಎಲ್ಲರಿಗೂ ಕಾಣುವಂತೆ ಹಾಕಿಸಿದರು. ಬೇಕಾದ್ದನ್ನು ಬಾಗಿಲಲ್ಲಿ ಇಡುವ ಧೈರ್ಯ ನನಗಿರಲಿಲ್ಲ. ಸಂಜೆ ಶೇಖರನಿಗೆ, "ಹೊಸಬರಿಗೆ ಸೀಟು ತಗ್ಗಿರಬೇಕು. ಕಾಲು ನೆಲಕ್ಕೆ ಹತ್ತಿದರೆ ಹೆದರಿಕೆ ಇರುವುದಿಲ್ಲ" ಎಂದೆ. ಅದು ಸುಳ್ಳಲ್ಲ. ಈಗಲೂ ಕಟ್ಟೆಗೆ ಬಂದವರಿಗೆ ಅದನ್ನೇ ಹೇಳುತ್ತೇನೆ. ನಿಜಗಳ ನಡುವಿನಿಂದ ನನಗೆ ಬೇಕಾದ ನಿಜವನ್ನು ಎತ್ತಿಕೊಂಡೆ, ಅಷ್ಟೆ.

ಗಾಡಿ ಹಾವೇರಿಯವರೆಗೆ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಬಂತು. ತನ್ನನ್ನು ಎಳೆದು ತಂದ ಎತ್ತುಗಳ ಮುಂದೆ ನಾಚಿಕೊಂಡಂತೆ ಹುಲ್ಲಿನಲ್ಲಿ ಮಲಗಿತ್ತು. ದನದ ಡಾಕ್ಟರರ ಗಾಡಿ ನೋಡಲು ಬಂದ ರೈತರು ಅದನ್ನು ಸಂತೆಯ ಎತ್ತಿನಂತೆ ಸುತ್ತು ಹಾಕಿ ನೋಡಿದರು. "ಹಲ್ಲು ಎಷ್ಟು ಹಚ್ಚೈತ್ರಿ?" ಎಂದು ಒಬ್ಬರು. "ಸುಳಿ ಸುದ್ದ ಐತೇನ ನೋಡ್ರಿ ಮೊದಲ" ಎಂದು ಇನ್ನೊಬ್ಬರು. ಶೇಖರ ಹತ್ತಿ ಕುಳಿತಾಗ ಅವನ ಮೊಣಕಾಲು ಹ್ಯಾಂಡಲ್ಲಿಗೆ ಮುಟ್ಟುವಂತೆ ಮೇಲೆ ಬಂದವು. "ಡಾಕ್ಟರ, ಮಿಡತಿ ಕುಂತಂಗ ಕಾಣತೀರಿ!" ಎಂದು ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಒಳಗೆ ಹೋದೆ.

ಆಮೇಲೆ ಮೂವತ್ತು ತಿಂಗಳು ಅವನು ಮಿಡತೆಯಂತೆಯೇ ತಿರುಗಿದ. ಒದ್ದೆ ಗೋಣಿಯಲ್ಲಿ ಔಷಧದ ಬಾಟಲಿ ಸುತ್ತಿಕೊಂಡು ಹತ್ತಿಮತ್ತೂರಿನವರೆಗೂ ಹೋಗುತ್ತಿದ್ದ. ಸಂಜೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಒಂದು ದಿನವೂ ಸೀಟಿನ ಮಾತು ಎತ್ತಲಿಲ್ಲ. ಅವನಿಗೆ ಒಂದು ವಿಚಿತ್ರ ರೂಢಿ ಇತ್ತು. ಮುಂಜಾನೆ ಗಾಡಿ ಹಚ್ಚುವಾಗ ಶಾಲೆಯ ಮಗ್ಗಿಯಂತೆ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದ: "ಮೊದಲ ಪೆಟ್ರೋಲ್ ಬಿಡೂದು. ಗುಂಡಿ ಒತ್ತಿ ಎರಡು ಹನಿ ತುಳುಕಸೂದು. ಕಿಡಿ ಹಿಡಿಕಿ ಹಿಂದಕ್ಕ ಎಳಿಯೂದು. ಒದಿಯೂದು. ಹತ್ತಿತಂದ್ರ ಕಿಡಿ ಮುಂದಕ್ಕ!" ಇಷ್ಟು ದಿನವಾದರೂ ಇವನಿಗೆ ನೆನಪು ನಿಲ್ಲುವುದಿಲ್ಲವಲ್ಲ ಎಂದು ನಾನು ಕಿಟಕಿಯ ಹಿಂದೆ ಪುಸ್ತಕ ಹಿಡಿದುಕೊಂಡು ಬೇಸರಪಡುತ್ತಿದ್ದೆ. ರವಿವಾರ ಗಾಡಿಯನ್ನು ಅಂಗಳದ ನಡುವೆ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ, "ನಾ ಮಲಗತೇನಿ ಅಕ್ಕಾ. ಗಾಡಿ ಸುಮ್ಮನ ನಿಂತೈತಿ" ಎಂದು ಹೇಳಿ ಹೋಗುತ್ತಿದ್ದ. ನಿಂತ ಗಾಡಿ ಸುಮ್ಮನಲ್ಲದೆ ಇನ್ನು ಹೇಗೆ ನಿಲ್ಲುತ್ತದೆ? ನಾನು ಕೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಮುಂದಿನ ರವಿವಾರಕ್ಕೆ ಇಟ್ಟೆ. ನಮ್ಮ ಮನೆಯಲ್ಲಿ ಯಾರೂ ಬೇಕಾದ್ದನ್ನು ಮೊದಲು ಕೇಳುವುದಿಲ್ಲ.

ಫಟಫಟಿಯ ಕಥೆಗೆ ನೀವು ಎಂಥ ಕೊನೆ ಊಹಿಸುತ್ತಿದ್ದೀರೋ ಗೊತ್ತು. ಅವನು ಬೀಳಲಿಲ್ಲ. ತಗ್ಗು ಸೀಟಿನವರು ಸುಲಭಕ್ಕೆ ಬೀಳುವುದಿಲ್ಲ. ಶ್ರಾವಣದಲ್ಲಿ ಹಿರೇಕೆರೂರಿನ ಕಡೆಯಿಂದ ಜ್ವರ ಹೊತ್ತು ಬಂದ, ಅದು ವಿಷಮಜ್ವರಕ್ಕೆ ತಿರುಗಿತು. ಮೂರನೆಯ ವಾರ ತೀರಿಕೊಂಡ. ಅವ್ವ ಗಾಡಿಯ ಮೇಲೆ ಗೋಣಿತಟ್ಟು ಹೊದಿಸಿದಳು. ಆಮೇಲೆ ಯುದ್ಧ ಜೋರಾಗಿ ಪೆಟ್ರೋಲು ರೇಷನ್ ಚೀಟಿಗೆ ಹೋಯಿತು. ಗಾಡಿ ಕೊಟ್ಟಿಗೆಯಲ್ಲಿ ನಿಂತೇ ಇತ್ತು.

ಯುದ್ಧ ಮುಗಿದು ಪೆಟ್ರೋಲು ಮತ್ತೆ ಕಣ್ಣಿಗೆ ಬೀಳತೊಡಗಿದಾಗ, "ಕೊಟ್ಟಬಿಡೂಣವ್ವಾ. ದನಾ ಕಟ್ಟಾಕ ಹೋದಾಗೊಮ್ಮೆ ಅದರ ಮಾರಿ ನೋಡಬೇಕು" ಎಂದಳು ಅವ್ವ. ಬೇಡವೆನ್ನಲು ನನ್ನ ಬಳಿ ಹೇಳಬಹುದಾದ ಕಾರಣವಿರಲಿಲ್ಲ. ಶಿಗ್ಗಾಂವದ ಕಾಳಿನ ವ್ಯಾಪಾರಿಯೊಬ್ಬರು ಕೊಳ್ಳಲು ಬಂದರು. ಎತ್ತರದ ಆಳು, ಹೊಸದಾಗಿ ಕಲಿಯುವವರು. ಗಾಡಿ ನೋಡಲು ಸವಣೂರಿನ ಮಿಸ್ತ್ರಿ ಖಾದರಸಾಬರನ್ನು ಕರೆತಂದಿದ್ದರು. ಶೇಖರನ ಗಾಡಿಯನ್ನು ರಿಪೇರಿ ಮಾಡುತ್ತಿದ್ದವರೂ ಅವರೇ.

ಖಾದರಸಾಬರು ತಟ್ಟು ಸರಿಸಿ ಇಂಜಿನ್ನು ಒರೆಸಿದರು. ವ್ಯಾಪಾರಿ ಹತ್ತಿ ಕುಳಿತು, "ಅಯ್ಯ, ಮೊಣಕಾಲು ಗದ್ದಕ್ಕ ಬರಾಕತ್ತಾವಲ್ರಿ! ಸೀಟ ಎತ್ತರ ಮಾಡಾಕ ಬರತೈತೇನ್ರಿ?" ಎಂದರು.

"ಬರತೈತ್ರಿ, ಅದೇನ ದೊಡ್ಡ ಮಾತು? ಡಾಕ್ಟರ್ ಸಾಹೇಬ್ರಿಗೂ ಹೇಳಿದ್ದೆ" ಎಂದರು ಖಾದರಸಾಬರು. "ಹೊಸದಾಗಿ ತಂದ ತಿಂಗಳದಾಗ. ಸ್ಪ್ರಿಂಗ್ ಬದಲಿ ಮಾಡಿ ಎರಡೂವರಿ ಇಂಚು ಎತ್ತತೇನಿ, ಆರಾಮ ಕುಂಡ್ರರಿ ಅಂದೆ. ಬ್ಯಾಡ ಬ್ಯಾಡ ಅಂದ್ರು."

"ಯಾಕಂತ?" ಎಂದರು ವ್ಯಾಪಾರಿ.

ಖಾದರಸಾಬರು ನನ್ನ ಕಡೆ ತಿರುಗಿದರು. "'ಎತ್ತರ ಮಾಡಿದ್ರ ಅಕ್ಕಗ ಕಾಲು ನೆಲಕ್ಕ ಹತ್ತಂಗಿಲ್ಲ, ಖಾದರಸಾಬ' ಅಂದ್ರು. 'ಅಕ್ಕಾರು ನಡಸ್ತಾರೇನ್ರಿ?' ಅಂತ ಕೇಳಿದೆ. 'ಇನ್ನೂ ಕೇಳಿಲ್ಲ. ಕೇಳತಾಳ' ಅಂದ್ರು. ನೀವು ನಡಸ್ತಿದ್ರೇನ್ರಿ, ಅಕ್ಕಾರ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ವ್ಯಾಪಾರಿ ಇಳಿದು, "ಹೊಸಬರಿಗೆ ಇದು ಹೊಂದತೈತೇನ್ರಿ? ನೀವ ಹೇಳ್ರಿ. ನಿಮ್ಮ ಮಾತ ನಡೀತದಂತ ಊರಾಗ" ಎಂದರು. ಹೊಸಬರಿಗೆ ಹೊಂದುತ್ತದೆ, ಆದರೆ ನಿಮಗೆ ಹೊಂದುವುದಿಲ್ಲ ಎಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅವರಿಬ್ಬರಿಗೆ ಚಹಾ ತರಲು ಒಳಗೆ ಹೋದಳು.

ಈಗ ಕಟ್ಟೆಗೆ ಬರುವವರಿಗೆ ನಾನು ಹೇಳುವ ಮಾತು ಇಷ್ಟೇ. ನಡುವಿನ ಅಳತೆಯದು ಕೊಳ್ಳಿರಿ. ಕೊಳ್ಳುವ ಮುಂಚೆ ಸೀಟಿನ ಎತ್ತರ ಅಳೆಯಿರಿ, ಅಳೆದದ್ದು ಯಾರ ಕಾಲಿಗೆ ಎಂಬುದನ್ನು ಬಾಯಿಬಿಟ್ಟು ಹೇಳಿರಿ. ಕೊನೆಯ ಮಾತು ಯಾರಿಗೂ ಅರ್ಥವಾದಂತೆ ಕಾಣುವುದಿಲ್ಲ. ಬಿ.ಎ. ಓದಿದವರ ಮಾತೆಂದು ತಲೆಯಾಡಿಸಿ ಹೋಗುತ್ತಾರೆ.

ವ್ಯಾಪಾರಿ ಗಾಡಿ ಕೊಳ್ಳದೆ ಹೋದ ಆ ಸಂಜೆ ಕೊಟ್ಟಿಗೆಗೆ ಹೋಗಿ ಅದರ ಮೇಲೆ ಕುಳಿತೆ. ಎರಡೂ ಹಿಮ್ಮಡಿ ನೆಲಕ್ಕೆ ಊರಿದವು. ನನ್ನ ಲೆಕ್ಕ ತಪ್ಪಿರಲಿಲ್ಲ. ಟ್ಯಾಂಕಿನಲ್ಲಿ ಹನಿ ಪೆಟ್ರೋಲು ಇರಲಿಲ್ಲ. ಆದರೂ ಪೆಟ್ರೋಲು ಬಿಟ್ಟೆ, ಗುಂಡಿ ಒತ್ತಿದೆ, ಕಿಡಿಯನ್ನು ಹಿಂದಕ್ಕೆ ಎಳೆದೆ. ಯಾವುದನ್ನೂ ಯೋಚಿಸಬೇಕಾಗಲಿಲ್ಲ. ಮೂವತ್ತು ತಿಂಗಳು, ದಿನಾ ಮುಂಜಾನೆ, ನನ್ನ ಕಿಟಕಿಯ ಕೆಳಗೆ ನಿಂತು ಅವನು ಅಷ್ಟು ಚೆನ್ನಾಗಿ ಕಲಿಸಿದ್ದ.