ಪಿಯಾನೊ ಸಿಗ್ನೆಯ ಕೋವಿ

ಹಾಲ್ವರ್ ಕ್ರೀಕಿನಲ್ಲಿ ಸಿಗ್ನೆ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬಳು ಅಂಚೆ ಕಚೇರಿಯ ಸಿಗ್ನೆ, ಇನ್ನೊಬ್ಬಳು ಪಿಯಾನೊ ಸಿಗ್ನೆ. ನಾನು ಹೇಳಹೊರಟಿರುವುದು ಎರಡನೆಯವಳ ಸುದ್ದಿ. ಮೊಂಟಾನಾದ ನಮ್ಮ ಭಾಗದಲ್ಲಿ ಚರ್ಚು, ಶಾಲೆ, ಮನೆ ಎಲ್ಲೆಲ್ಲಿ ಪಿಯಾನೊ ಇತ್ತೋ ಅಲ್ಲಿಗೆಲ್ಲ ತನ್ನ ಹಳೇ ಹಸಿರು ವ್ಯಾನಿನಲ್ಲಿ ಹೋಗಿ ಶ್ರುತಿ ಸರಿಮಾಡಿ ಬರುವುದು ಅವಳ ಕಸುಬು. ವಯಸ್ಸು ಐವತ್ಮೂರು. ಗಂಡಸಿನಂಥ ದೊಡ್ಡ ಕೈಗಳು, ಹುಡುಗಿಯಂಥ ನಗು. ಇನ್ನು ಅವಳ ಕಿವಿಯ ಮಾತು ಕೇಳಲೇಬೇಡಿ. ಅವರದು ನಮ್ಮ ಪಕ್ಕದ ಮನೆ. ಒಮ್ಮೆ ಸಕ್ಕರೆ ಕೇಳಲು ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತು, "ನಿಮ್ಮ ಫ್ರಿಜ್ಜು ಇನ್ನು ಹತ್ತು ದಿನಾನೂ ಬಾಳಲ್ಲ," ಎಂದು ಹೇಳಿಹೋದಳು. ಎಂಟನೇ ದಿನ ಅದು ನಿಂತಿತು.

ಎಂಬತ್ತೇಳನೇ ಇಸವಿಯ ಏಪ್ರಿಲಿನಲ್ಲಿ ಅವಳು ಗುನ್ನಾರ್ ತ್ವೇಟ್‌ನ ಮನೆಗೆ ಹೋದಳು. ಗುನ್ನಾರ್ ಎಂಬತ್ತೆರಡರ ಒಂಟಿ ಮುದುಕ. ಜೀವಮಾನವಿಡೀ ಕುರಿ ಸಾಕಿದವನು. ಭಾನುವಾರ ಚರ್ಚಿಗೆ ಹೋಗುವ ಬದಲು ಮನೆಯಲ್ಲೇ ಕೂತು ಪಿಯಾನೊದಲ್ಲಿ ಕೀರ್ತನೆ ನುಡಿಸುತ್ತಿದ್ದ. ದೇವರಿಗೆ ಪಾದ್ರಿಯ ಗಂಟಲಿಗಿಂತ ತನ್ನ ಬೆರಳು ಇಷ್ಟವಾಗುತ್ತದೆ ಎಂದು ಅವನ ವಾದ.

ಅಂದು ಎಲ್ಲ ತಂತಿಗಳನ್ನೂ ಬಿಗಿದಾದ ಮೇಲೂ ಎಡಭಾಗದ ಒಂದು ಸ್ವರ ಮುಟ್ಟಿದಾಗಲೆಲ್ಲ ಪಿಯಾನೊದ ಬೆನ್ನಿನಿಂದ ಜೇನ್ನೊಣ ಹೊಕ್ಕಂತೆ ಗುಂಯ್ ಎಂಬ ಸದ್ದು ಬರುತ್ತಿತ್ತು.

"ತಾತ, ಇದರ ಹಿಂದೆ ಏನಿಟ್ಟಿದ್ದೀರಿ?"

"ಧೂಳು ಕಣಮ್ಮ. ಇನ್ನೇನಿರುತ್ತೆ?"

"ಧೂಳು ಗುಂಯ್ ಅನ್ನಲ್ಲ."

ಅವಳು ಭುಜ ಕೊಟ್ಟು ಪಿಯಾನೊವನ್ನು ಗೋಡೆಯಿಂದ ಈಚೆಗೆ ತಳ್ಳಿದಳು. ಹಿಂದೆ, ಕುದುರೆಯ ಬೆನ್ನಿಗೆ ಹಾಸುವ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದು ಒರಗಿ ನಿಂತಿತ್ತು. ಬಿಚ್ಚಿದರೆ ಕೋವಿ. ಎಂಟು ಮುಖದ ಭಾರವಾದ ನಳಿಕೆ, ಅಕ್ರೋಟಿನ ಮರದ ಹಿಡಿ. ಒಂದು ಸಲಕ್ಕೆ ಒಂದೇ ತೋಟಾ ಹಿಡಿಸುವ ಹಳೇ ಮಾದರಿ. ಕೆಳಗಿನ ಸನ್ನೆಕೋಲನ್ನು ಎಳೆದರೆ ಹಿಂಬದಿಯ ಬಾಯಿ ತೆರೆಯುತ್ತದೆ, ತೋಟಾ ಇಟ್ಟು ಸನ್ನೆ ಮೇಲೆತ್ತಿದರೆ ಮುಚ್ಚಿಕೊಳ್ಳುತ್ತದೆ.

"ಅಯ್ಯೋ, ಇದಾ!" ಎಂದ ಗುನ್ನಾರ್. "ನಾಲ್ಕು ವರ್ಷದಿಂದ ಕಾಣ್ತಾ ಇರ್ಲಿಲ್ಲ. ಯಾವನೋ ಕದ್ದುಕೊಂಡು ಹೋದ ಅಂತ ಖುಷಿಯಾಗಿದ್ದೆ."

"ಕದ್ರೆ ಖುಷಿ ಯಾಕೆ?"

"ಅದೊಂದು ಸುಳ್ಳುಬುರುಕ ಕಣಮ್ಮ. ಮೊದಲ ಮೂರು ಗುಂಡು ಹೇಳಿದಲ್ಲಿಗೆ ಹೋಗುತ್ತೆ. ನಾಲ್ಕನೇದರಿಂದ ಶುರು, ಮೇಲೆ ಮೇಲೆ ಹಾರಿಕೊಂಡು ಹೋಗುತ್ತೆ. ಹದಿನೈದು ವರ್ಷ ಅದರ ಜೊತೆ ಗುದ್ದಾಡಿದೆ. ಆಮೇಲೆ ಹತ್ತಿರದ ಕಣ್ಣೂ ಹೋಯ್ತು, ಗುರಿ ನೋಡೋ ಕಿಂಡೀನೇ ಕಾಣದಾಯ್ತು."

ಸಿಗ್ನೆ ಕೋವಿಯ ಬಾಯಿ ತೆರೆದು ಒಳಗೆ ಖಾಲಿ ಇದೆಯೆಂದು ನೋಡಿಕೊಂಡು ಅದನ್ನು ಭುಜಕ್ಕೇರಿಸಿದಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬೇಲಿಯ ಮೇಲಿನ ತಗಡಿನ ಡಬ್ಬಿಗಳಿಗೆ ಹೊಡೆದದ್ದು ಬಿಟ್ಟರೆ ಅವಳಿಗೂ ಕೋವಿಗೂ ನಂಟಿರಲಿಲ್ಲ. ಆದರೂ ಮರ ಕೆನ್ನೆಗೆ ಕೂತ ರೀತಿಗೆ ಅವಳಿಗೆ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ.

"ನಂಗೆ ಕೊಡ್ತೀರಾ?"

"ಯಾಕೆ? ಶ್ರುತಿಗೆ ಬರದ ಪಿಯಾನೊಗಳಿಗೆ ಗುಂಡು ಹೊಡೆಯೋಕಾ?"

"ಅದಕ್ಕೂ ಆಯ್ತು."

ಇನ್ನೂರು ಡಾಲರಿಗೆ ವ್ಯಾಪಾರ ಕುದುರಿತು. ಮನೆಯಲ್ಲಿ ಅವಳ ಗಂಡ ಅರ್ವಿಡ್ ಆಗಷ್ಟೇ ಬ್ರೆಡ್ಡಿನ ಲಾರಿ ನಿಲ್ಲಿಸಿ ಬೂಟು ಕಳಚುತ್ತಿದ್ದ. ಕೋವಿ ನೋಡಿದ, ಬೆಲೆ ಕೇಳಿದ, ಹಲ್ಲು ಹಿಡಿದುಕೊಂಡ.

"ಇನ್ನೂರು ಡಾಲರಿಗೆ ನನ್ನ ದವಡೆ ಹಲ್ಲು ಕಟ್ಟಿಸಬಹುದಿತ್ತಲ್ಲೇ!"

"ನಿನ್ನ ಹಲ್ಲು ಐನೂರು ಮೀಟರ್ ದೂರದ ಟಗರನ್ನ ಬೀಳಿಸುತ್ತೇನೋ?"

ಟಗರೆಂದರೆ ಕಬ್ಬಿಣದ ಟಗರು. ನಮ್ಮೂರ ಕ್ಲಬ್ಬಿನ ಮೈದಾನದಲ್ಲಿ ದಪ್ಪ ಕಬ್ಬಿಣದ ಹಲಗೆಯಲ್ಲಿ ಕತ್ತರಿಸಿದ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಹತ್ತಿರದಲ್ಲಿ ಕೋಳಿ, ಆಮೇಲೆ ಹಂದಿ, ಅದರಾಚೆ ಟರ್ಕಿ ಹಕ್ಕಿ, ಎಲ್ಲಕ್ಕಿಂತ ಹಿಂದೆ ಗುಡ್ಡದ ಬುಡದಲ್ಲಿ ಟಗರು. ಹೊಡೆದರೆ ಸಾಲದು, ಬೀಳಬೇಕು. ಆಗಸ್ಟಿನ ಪಂದ್ಯಕ್ಕೆ ಸುತ್ತಲಿನ ಊರಿನವರೆಲ್ಲ ಬರುತ್ತಾರೆ. ಅಂಕ ಬರೆಯುವವನು ನಾನು.

ಮೇ ತಿಂಗಳ ಮೊದಲ ಶನಿವಾರ ಸಿಗ್ನೆ ಮೈದಾನಕ್ಕೆ ಬಂದಳು. ಕಿವಿ ಅವಳ ಅನ್ನ, ಹಾಗಾಗಿ ಮೊದಲು ಕಿವಿಗೆ ಮೇಣ ತುರುಕಿ, ಅದರ ಮೇಲೆ ಹತ್ತಿ, ಅದರ ಮೇಲೆ ಮುಚ್ಚಳ ಹಾಕಿಕೊಂಡಿದ್ದಳು. ನೂರು ಮೀಟರ್ ದೂರದ ಗುರಿಕಾಗದಕ್ಕೆ ಮೂರು ಗುಂಡು ಒತ್ತೊತ್ತಾಗಿ ಬಿದ್ದವು. ನಾಲ್ಕನೆಯದು ಒಂದು ಅಂಗೈ ಮೇಲೆ. ಐದನೆಯದು ಗೇಣು ಮೇಲೆ. ಆರನೆಯದು ಕಾಗದದಲ್ಲೇ ಇರಲಿಲ್ಲ.

ಪಕ್ಕದ ಮೇಜಿನಲ್ಲಿ ಹುಲ್ಲಿನ ವ್ಯಾಪಾರಿ ಡೆಲ್ಬರ್ಟ್ ಕೂತಿದ್ದ. ನಾಲ್ಕು ವರ್ಷದಿಂದ ಪಂದ್ಯ ಗೆಲ್ಲುತ್ತಿದ್ದವನು. ಮೀಸೆಗೆ ಮೇಣ ಹಾಕುವುದು ಊರಿನಲ್ಲಿ ಅವನೊಬ್ಬನೇ.

"ಸಿಗ್ನೆ, ಮೊದಲು ಶ್ರುತಿ ಮಾಡು, ಆಮೇಲೆ ಬಾರಿಸು!" ಎಂದು ಕೂಗಿದ.

ಅವಳು ಕಿವಿಯ ಮುಚ್ಚಳ ಎತ್ತಿ, "ಏನಂದೆ?" ಎಂದಳು. ಅವನು ಮತ್ತೆ ಹೇಳಿದ. ಅವಳು ಮತ್ತೆ, "ಏನಂದೆ?" ಎಂದಳು. ನಾಲ್ಕನೇ ಸಲಕ್ಕೆ ಡೆಲ್ಬರ್ಟನಿಗೇ ತನ್ನ ಮಾತು ಸಪ್ಪೆ ಎನಿಸಿತು.

ಕೋವಿ ಆರಿದ ಮೇಲೆ ಹೊಡೆದರೆ ಮತ್ತೆ ಮೂರು ಸರಿ, ನಾಲ್ಕನೆಯದು ಮೇಲೆ. ಗುನ್ನಾರ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಸಿಗ್ನೆ ಮೊದಲು ನಳಿಕೆ ತೊಳೆದಳು. ಕುಂಚ ಆಡಿಸಿ ಬಟ್ಟೆ ಎಳೆದರೆ ಒಳಗಿನಿಂದ ಸೀಸದ ಬೂದು ಸಿಪ್ಪೆಗಳು ಬಂದವು. ನಾಲ್ಕು ದಿನ ಬಟ್ಟೆ ಬಿಳಿಯಾಗುವವರೆಗೆ ಉಜ್ಜಿದಳು. ಮೊದಲ ಮೂರು ಗುಂಡು ಇನ್ನಷ್ಟು ಹತ್ತಿರಕ್ಕೆ ಬಂದವು, ನಾಲ್ಕನೆಯದು ಹಾರುವುದು ನಿಲ್ಲಲಿಲ್ಲ. ಗುಂಡುಗಳನ್ನು ಒಂದೊಂದಾಗಿ ತೂಗಿ, ಹಗುರಾದದ್ದನ್ನೆಲ್ಲ ಬೇರೆ ಇಟ್ಟಳು. ಅದರಿಂದಲೂ ಫಲವಿಲ್ಲ. ಆಮೇಲೆ, ನಳಿಕೆಯ ಕೆಳಗೆ ಎಡಗೈ ಹಿಡಿಯುವ ಮರ ಅಲ್ಲಾಡುತ್ತಿರಬೇಕು ಎಂದುಕೊಂಡು, ಪಿಯಾನೊದ ಸುತ್ತಿಗೆಗೆ ಅಂಟಿಸುವ ದಪ್ಪ ಉಣ್ಣೆಬಟ್ಟೆಯನ್ನು ಮರಕ್ಕೂ ನಳಿಕೆಗೂ ನಡುವೆ ತುಂಬಿ, ತಿರುಪನ್ನು ಬಲವಾಗಿ ಬಿಗಿದಳು. ಆ ಶನಿವಾರ ಮೊದಲ ಗುಂಡೇ ಕಾಗದ ತಪ್ಪಿತು.

ಬೆಂಚಿನಲ್ಲಿದ್ದವರೆಲ್ಲ ಅವಳ ಮುಖ ನೋಡಿದರು. ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ.

"ಒಳ್ಳೇದಾಯ್ತು ಬಿಡಿ. ಇನ್ನು ನಾಲ್ಕನೇ ಗುಂಡಿನವರೆಗೆ ಕಾಯೋ ಕಷ್ಟ ಇಲ್ಲ!"

ಜೂನಿನ ಒಂದು ಭಾನುವಾರ ಅವರ ಮನೆಯಲ್ಲಿ ನನಗೆ ಊಟವಿತ್ತು. ಅರ್ವಿಡ್ ಒಲೆಯ ಮುಂದೆ ಮಾಂಸದುಂಡೆ ಕರಿಯುತ್ತಿದ್ದ. ಸಿಗ್ನೆ ಊಟದ ಮೇಜಿನ ಮೇಲೆ ಎರಡು ತಲೆದಿಂಬಿಟ್ಟು, ಖಾಲಿ ಕೋವಿಯನ್ನು ಅದರ ಮೇಲೆ ಮಲಗಿಸಿ, ಆ ಕೆಳಗಿನ ಮರವನ್ನು ಬಿಚ್ಚಿ ಉಣ್ಣೆಯನ್ನು ಕೀಳುತ್ತಿದ್ದಳು. ತಟ್ಟೆ ಇಡಲು ಜಾಗ ಹುಡುಕುತ್ತ ಅರ್ವಿಡ್ ಈಚೆ ತಿರುಗಿದಾಗ ಅವನ ಕೈಯ ಮರದ ಸೌಟು ನಳಿಕೆಗೆ ತಾಗಿತು.

ಣಿಂಯ್ ಎಂದು ನಳಿಕೆ ನುಡಿಯಿತು. ಚರ್ಚಿನ ಗಂಟೆಯಂತೆ ಒಂದಿಷ್ಟು ಹೊತ್ತು ಸದ್ದು ನಿಂತೇ ಇತ್ತು.

ಸಿಗ್ನೆಯ ಕೈ ನಿಂತಿತು. "ಇನ್ನೊಂದ್ಸಲ ಹೊಡಿ."

"ನಾನೇನು ಬೇಕಂತ ಹೊಡೀಲಿಲ್ಲ ಕಣೇ—"

"ಹೊಡಿಯೋ ಅಂದ್ರೆ!"

ಅವನು ಹೊಡೆದ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸರಸರನೆ ಮರವನ್ನು ಮತ್ತೆ ಕೂರಿಸಿ ತಿರುಪು ಬಿಗಿದು, "ಈಗ?" ಎಂದಳು. ಸೌಟು ಬಿತ್ತು. ದಬ್. ಕುಂಬಳಕಾಯಿಗೆ ಬಾರಿಸಿದಂಥ ಸದ್ದು. ಅದರ ಬಾಲಕ್ಕೆ ಸಣ್ಣಗೆ ಜಿರ್ ಎಂದೇನೋ ಕೇಳಿಸಿತಂತೆ. ನನಗೇನೂ ಕೇಳಿಸಲಿಲ್ಲ.

"ಎರಡು ರೋಗ ಇದೆ," ಎಂದಳು ಸಿಗ್ನೆ. ಅವಳ ಕಣ್ಣು ಹೊಳೆಯುತ್ತಿತ್ತು. "ಒಂದು, ಈ ಮರ ನಳಿಕೆಯ ಕತ್ತು ಹಿಸುಕ್ತಾ ಇದೆ. ಇನ್ನೊಂದು, ಎಲ್ಲೋ ಏನೋ ಸಡಿಲ ಇದೆ."

ಸಡಿಲವಾಗಿದ್ದದ್ದು ಗುರಿ ನೋಡುವ ಕಿಂಡಿಯ ಬುಡದ ತಿರುಪು. ಕಣ್ಣಿಗೆ ನೆಟ್ಟಗೇ ಕಾಣುತ್ತಿತ್ತು, ಉಗುರಿನಿಂದ ಒತ್ತಿದರೆ ಮಾತ್ರ ಕೂದಲೆಳೆಯಷ್ಟು ಆಡುತ್ತಿತ್ತು. ಅದನ್ನು ಅಲ್ಲೇ ಬಿಗಿದಳು. ಮರದ ರೋಗಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಬೆಳಿಗ್ಗೆ ಚರ್ಚಿನಲ್ಲಿ ಸಿಕ್ಕಿದ್ದ ಕೀರ್ತನೆಯ ಹಾಳೆಯನ್ನು ಅವಳು ಸೀಳಿ ಮರಕ್ಕೂ ನಳಿಕೆಗೂ ನಡುವೆ ತೂರಿಸಿದಳು. ಹಾಳೆ ನಾಲ್ಕು ಬೆರಳಗಲ ಒಳಹೋಗಿ ಸಿಕ್ಕಿಕೊಂಡಿತು. ಮೋಂಬತ್ತಿಯ ಮಸಿಯನ್ನು ನಳಿಕೆಯ ಅಡಿಗೆ ಹಿಡಿಸಿ, ಮರವನ್ನು ಒತ್ತಿ ತೆಗೆದರೆ ಎಡಬದಿಯಲ್ಲಿ ಹೆಬ್ಬೆರಳಗಲದ ಕಪ್ಪು ಗುರುತು. ಗುಂಡು ಹೊಡೆದಂತೆ ನಳಿಕೆ ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಆ ಕಪ್ಪು ಗುರುತಿನ ಜಾಗದಿಂದ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ನಾಲ್ಕನೇ ಗುಂಡಿನ ಗುಟ್ಟು ಅಷ್ಟೇ.

"ಅಲ್ಲ ಕಣೇ," ಎಂದ ಅರ್ವಿಡ್, "ಮುದುಕ ಹದಿನೈದು ವರ್ಷ ಒದ್ದಾಡಿದ್ದಕ್ಕೆ ನನ್ನ ಸೌಟು ಉತ್ತರ ಹೇಳ್ತಲ್ಲ!"

"ನಿನ್ನ ಉಂಡೆ ಸೀಯ್ತಾ ಇದೆ, ಅದಕ್ಕೆ ಉತ್ತರ ಹೇಳು."

ಸೀದ ಉಂಡೆಯನ್ನೇ ತಿಂದೆವು. ಅವಳು ಒಂದು ಕೈಯಲ್ಲಿ ಫೋರ್ಕು, ಇನ್ನೊಂದರಲ್ಲಿ ಉಪ್ಪುಕಾಗದ ಹಿಡಿದಿದ್ದಳು. ಇಡೀ ವಾರ ಸ್ವಲ್ಪ ಕೆರೆಯುವುದು, ಮಸಿ ಹಚ್ಚುವುದು, ಕೂರಿಸಿ ನೋಡುವುದು, ಮತ್ತೆ ಕೆರೆಯುವುದು. ಕೊನೆಗೆ ನಳಿಕೆ ಎಲ್ಲೂ ಮರಕ್ಕೆ ತಾಗದಂತೆ ಮಾಡಿ, ಹಿಂದುಗಡೆ ಮಾತ್ರ ತೆಳ್ಳನೆಯ ಚರ್ಮದ ತುಂಡೊಂದನ್ನು ಕೊಟ್ಟಳು. ತಿರುಪನ್ನು ಎಷ್ಟು ಬಿಗಿಯಬೇಕೆಂಬುದನ್ನು ಸೌಟಿನಿಂದ ಬಡಿಬಡಿದು ಕಿವಿಯಲ್ಲೇ ನಿಶ್ಚಯಿಸಿದಳು. ಮರ ಬಿಚ್ಚಿದಾಗಿನ ಸ್ವರ ಮರ ಹಾಕಿದಾಗಲೂ ಬರುವವರೆಗೆ ಅವಳು ಬಿಡಲಿಲ್ಲ.

ಪರೀಕ್ಷೆಯ ದಿನ ಗುನ್ನಾರ್ ಬಂದ. ಅವನ ಹತ್ತಿರದ ಕಣ್ಣು ಹೋಗಿತ್ತು, ದೂರದ ಕಣ್ಣು ಇನ್ನೂ ಹದ್ದಿನದು. ಮಡಚುವ ಕುರ್ಚಿಯಲ್ಲಿ ದುರ್ಬೀನಿನ ಮುಂದೆ ಕೂತು, "ಹೂಂ, ಹೊಡಿ," ಎಂದ.

ಒಂದು, ಎರಡು, ಮೂರು. "ಪಕ್ಕಪಕ್ಕ," ಎಂದ ಗುನ್ನಾರ್. "ಇಷ್ಟು ನಾನೂ ಹೊಡೀತಿದ್ದೆ."

ನಾಲ್ಕನೆಯದು ಹೊಡೆದು ಸಿಗ್ನೆ ಕಾದಳು. ಮುದುಕ ದುರ್ಬೀನಿನಿಂದ ಕಣ್ಣು ತೆಗೆದ. ದುರ್ಬೀನಿನ ಗಾಜು ಒರೆಸಿ ಮತ್ತೆ ನೋಡಿದ.

"ಏನ್ ತಾತ, ಹೊರಗೆ ಹೋಯ್ತಾ?"

"ಕಾಣ್ತಾ ಇಲ್ಲ. ಇನ್ನೊಂದು ಹೊಡಿ."

ಐದನೆಯದು ಹೋಯಿತು. ಗುನ್ನಾರ್ ಮತ್ತೆ ಗಾಜು ಒರೆಸಿದ. ಸಿಗ್ನೆಯ ಮುಖ ಬಾಡಿತು.

"ಕಾಣ್ತಿಲ್ಲ ಅಂದ್ರೆ ಹೊಸ ತೂತೇ ಇಲ್ಲ ಕಣಮ್ಮ," ಎಂದ ಗುನ್ನಾರ್ ನಿಧಾನವಾಗಿ. "ಹಳೇ ತೂತೇ ದೊಡ್ಡದಾಗಿದೆ!"

ಅರ್ವಿಡ್ ಓಡಿಹೋಗಿ ಕಾಗದ ತಂದ. ಐದೂ ಗುಂಡು ಸೀಸೆಯ ಮುಚ್ಚಳದಷ್ಟು ಜಾಗದಲ್ಲಿದ್ದವು. ಗುನ್ನಾರ್ ಕಾಗದವನ್ನು ಎರಡೂ ಕೈಯಲ್ಲಿ ದೂರ ಹಿಡಿದು ನೋಡಿದ. "ನಾನು ಅದನ್ನ ಸುಮ್ಮಸುಮ್ಮನೆ ಬೈದುಬಿಟ್ನಲ್ಲಮ್ಮ," ಎಂದು ಕೋವಿಯ ಮರವನ್ನು ಸವರಿದ. ಪಂದ್ಯದಲ್ಲಿ ಅವಳ ಪಕ್ಕ ಕೂತು ಗುಂಡು ಬಿದ್ದ ಜಾಗ ಹೇಳುವ ಕೆಲಸ ತನ್ನದೇ ಎಂದು ಆಗಲೇ ಘೋಷಿಸಿದ.

ಆಗಸ್ಟಿನ ಪಂದ್ಯಕ್ಕೆ ಹತ್ತೊಂಬತ್ತು ಜನ ಬಂದಿದ್ದರು. ಕೋಳಿಗಳಿಗೆ ನಿಂತು ಹೊಡೆಯಬೇಕು. ಹತ್ತರಲ್ಲಿ ಸಿಗ್ನೆ ಬೀಳಿಸಿದ್ದು ಎರಡೇ. "ಕೋಳಿ ಪಾಪದವು, ಬದುಕಿಕೊಳ್ಳಲಿ," ಎಂದಳು. ಉಳಿದವಕ್ಕೆ ಕೂತು, ಕತ್ತರಿಯಂತೆ ಕಟ್ಟಿದ ಎರಡು ಕೋಲಿನ ಮೇಲೆ ಕೋವಿಯಿಟ್ಟು ಹೊಡೆಯಬಹುದು. ಹಂದಿ ಏಳು ಬಿದ್ದವು. ಟರ್ಕಿ ಐದು. ಕೊನೆಗೆ ಟಗರುಗಳ ಸರದಿ.

ಆ ದೂರಕ್ಕೆ ಗುಂಡು ಹೋಗಿ ಮುಟ್ಟಿ, ಸದ್ದು ತಿರುಗಿ ಬರಲು ಮೂರು ಸೆಕೆಂಡು ಬೇಕು. ಸಿಗ್ನೆ ಪ್ರತಿ ಗುಂಡಿನ ನಂತರ ಕಿವಿಯ ಒಂದು ಮುಚ್ಚಳ ಎತ್ತಿ, ಮೇಣ ಕಿತ್ತು, ಕತ್ತು ವಾಲಿಸಿ ಕಾಯುತ್ತಿದ್ದಳು. ಟಗರು ಮೊದಲು ಮೌನವಾಗಿ ಮಗುಚುತ್ತಿತ್ತು. ಆಮೇಲೆ ಠಣ್ ಎಂಬುದು ತೇಲಿ ಬರುತ್ತಿತ್ತು. ಪ್ರತಿ ಸಲವೂ ಅವಳ ಮುಖ ಅರಳುತ್ತಿತ್ತು.

"ಎಡಕ್ಕೆ ಗಾಳಿ ಎದ್ದಿದೆ, ಕೊಂಬಿನ ಕಡೆ ಹಿಡಿ," ಎನ್ನುತ್ತಿದ್ದ ಗುನ್ನಾರ್. "ಅದೇ! ಬಿತ್ತು! ಮುಂದಿಂದು!"

ಆರನೆಯದು ತಪ್ಪಿ ಮಣ್ಣೆದ್ದಿತು. ಉಳಿದ ಒಂಬತ್ತೂ ಬಿದ್ದವು. ಟಗರಿನಲ್ಲಿ ಡೆಲ್ಬರ್ಟನಿಗೆ ಎಂಟು. ಒಟ್ಟು ಲೆಕ್ಕದಲ್ಲಿ ಗೆದ್ದವನು ಅವನೇ, ಸಿಗ್ನೆ ಮೂರನೆಯವಳು. ಆದರೆ ಹೆಚ್ಚು ಟಗರು ಬೀಳಿಸಿದವರಿಗೆ ಪಾದ್ರಿಯ ಹೆಂಡತಿ ರೂಬಾರ್ಬ್ ಎಂಬ ಹುಳಿ ದಂಟು ತುಂಬಿ ಮಾಡಿದ ದೊಡ್ಡ ಕಡುಬು ಬೇರೆ ಬಹುಮಾನ. ಅದನ್ನು ಕೊಡಲು ಹೆಸರು ಕೂಗಿದಾಗ ಅರ್ವಿಡ್ ಹಾಕಿದ ಸಿಳ್ಳೆಗೆ ಪಕ್ಕದ ಹೊಲದ ಹಸುಗಳು ತಲೆಯೆತ್ತಿ ನೋಡಿದವು.

ಡೆಲ್ಬರ್ಟ್ ತನ್ನ ಕೋವಿ ಹಿಡಿದು ಹತ್ತಿರ ಬಂದ. ಮೀಸೆ ಒಮ್ಮೆ ಮುಟ್ಟಿಕೊಂಡ.

"ಸಿಗ್ನೆ, ನಂದನ್ನೂ ಒಂದ್ಸಲ ಬಡಿದು ನೋಡ್ತೀಯಾ?"

"ಏನಂದೆ?" ಎಂದಳು ಸಿಗ್ನೆ. ಕಿವಿಯಲ್ಲಿ ಆಗ ಮೇಣವೂ ಇರಲಿಲ್ಲ, ಮುಚ್ಚಳವೂ ಇರಲಿಲ್ಲ. ಡೆಲ್ಬರ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಪಂದ್ಯ ಮುಗಿದ ಮೇಲೆ ಪ್ರಾಣಿಗಳನ್ನು ಎತ್ತಿ ನಿಲ್ಲಿಸಿ ಮತ್ತೆ ಬಣ್ಣ ಬಳಿಯುವುದು ರೂಢಿ. ಅದು ಯಾರಿಗೂ ಬೇಡದ ಕೆಲಸ. ಅವತ್ತು ಸಿಗ್ನೆ ತಾನಾಗಿಯೇ ಬಕೆಟ್ಟು, ಕುಂಚ ಎತ್ತಿಕೊಂಡು ಹುಲ್ಲಿನಲ್ಲಿ ಐನೂರು ಮೀಟರ್ ನಡೆದಳು. ನಾನು, ಅರ್ವಿಡ್ ಹಿಂದೆ ಹೋದೆವು. ಕಡುಬಿನ ತಟ್ಟೆ ಅರ್ವಿಡ್ಡನ ಕೈಯಲ್ಲಿತ್ತು. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಕಾಲುಭಾಗ ಖಾಲಿಯಾಗಿತ್ತು.

ಬಿದ್ದ ಟಗರುಗಳ ಪಕ್ಕೆಯಲ್ಲಿ ಸೀಸ ಸಿಡಿದು ಅಂಟಿದ ಗುರುತುಗಳು ಬೆಳ್ಳಿಯ ಹೂವಿನಂತೆ ಕಾಣುತ್ತಿದ್ದವು. ಅವಳು ಮಂಡಿಯೂರಿ, ತನ್ನ ಗುಂಡಿನವೆನಿಸಿದ ಗುರುತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

"ಒಂದನ್ನ ಹಾಗೇ ಬಿಡೋಣ್ವಾ?" ಎಂದ ಅರ್ವಿಡ್, ಬಾಯಿ ತುಂಬ ಕಡುಬಿಟ್ಟುಕೊಂಡು. "ನೆನಪಿಗೆ."

"ಬೇಡ ಕಣೋ. ಬಿಟ್ರೆ ಮುಂದಿನ ಸಲ ಹೊಸ ಗುರುತು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದವಳು ಕುಂಚವನ್ನು ಬಕೆಟ್ಟಿಗೆ ಅದ್ದಿ, ಟಗರಿನ ಪಕ್ಕೆಗೆ ಕೊಂಬಿನಿಂದ ಬಾಲದವರೆಗೆ ಕಪ್ಪು ಬಣ್ಣ ಎಳೆಯತೊಡಗಿದಳು.