ಅಯ್ಯನವರ ಜ್ವರದ ದನಿ

ಅಯ್ಯಾರ, ಹಿನ್ನೀರಿನ ದಂಡೆಯ ಮೇಲೆ ಅಂದು ಎಲ್ಲರೂ ಕೇಳಿದ ದನಿ ನಿಮ್ಮದಲ್ಲ, ನನ್ನದು. ನೀವು ಬೇಡ ಎಂದಿರಿ. ನಾನು ನಿಮ್ಮ ಗಂಟಲು ಕದ್ದು, ಹೋಗಿರಿ ಎಂದೆ. ಆಮೇಲೆ ನಿಮ್ಮ ಎದುರಿಗೇ ಕೂತು, ಹಾಗೆ ಅಂದವರು ನೀವೇ ಎಂದು ಸಾಧಿಸಿದೆ. ದೋಣಿ ಒಡೆದದ್ದಕ್ಕಿಂತ ದೊಡ್ಡ ತಪ್ಪು ಅದು — ಆದರೆ ಅದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಇದನ್ನು ಓದುವ ಉಳಿದವರಿಗೂ ನಾನು ಯಾರೆಂದು ಗೊತ್ತಿರಲಿ. ಇಳಕಲ್ಲಿನ ಮಗ್ಗದ ಮನೆಯವನು. ಹೊಟ್ಟೆಪಾಡಿಗೆ ಮೊಬೈಲ್ ಅಂಗಡಿ. ಖರೆ ಕಸುಬು ಮಂದಿಯ ದನಿ ತೆಗೆಯುವುದು. ಗುಡೂರಿನ ಬಸ್ಸಿನ ಕಂಡಕ್ಟರ್, ಕಮತಗಿಯ ಶೇಂಗಾ ವ್ಯಾಪಾರಿ, ಸಿಟ್ಟು ಬಂದಾಗ ನಮ್ಮಪ್ಪ ಮಾತಿಗಿಂತ ಮೊದಲು ಕೆಮ್ಮುವ ಕೆಮ್ಮು — ಎಲ್ಲ ಬರುತ್ತದೆ. ನನ್ನ ದನಿಯನ್ನು ಮಾತ್ರ ರೆಕಾರ್ಡ್ ಮಾಡಿ ಕೇಳಿದರೆ, ಮೂಗಿನೊಳಗೆ ನೊಣ ಹೊಕ್ಕವನೊಬ್ಬ ದೂರು ಕೊಡುತ್ತಿರುವ ಹಾಗಿರುತ್ತದೆ. ಅದಕ್ಕೇ ಇರಬೇಕು, ಮಂದಿಯದರ ಮೇಲೆ ಕಣ್ಣು.

ಎಲ್ಲಕ್ಕಿಂತ ಹೆಚ್ಚು ಗಿರಾಕಿ ಇದ್ದದ್ದು ನಿಮ್ಮ ದನಿಗೆ. ನಮ್ಮ ಸಣ್ಣ ಚರ್ಚಿನ ಅಯ್ಯನವರು ನೀವು. ನಿಮ್ಮ ಮೆಚ್ಚಿನ ಪ್ರಸಂಗ ಬೈಬಲಿನ ಪೌಲನ ಸಮುದ್ರಯಾನ. ಕೈದಿಯಾಗಿ ರೋಮಿಗೆ ಹೊರಟ ಪೌಲ, ಇದು ಗಾಳಿಯ ಕಾಲ, ಹಡಗು ಬಿಡಬೇಡಿ ಎನ್ನುತ್ತಾನೆ. ಅವನನ್ನು ಕಾಯುವ ರೋಮನ್ ದಳಪತಿ, ಶತಾಧಿಪತಿ, ಅವನ ಮಾತು ಬಿಟ್ಟು ಹಡಗಿನ ಯಜಮಾನನ ಮಾತು ಕೇಳುತ್ತಾನೆ. ಬಿರುಗಾಳಿ ಹಿಡಿಯುತ್ತದೆ. ಆಗ ಎಲ್ಲರಿಗೂ ಧೈರ್ಯ ಹೇಳುವವನು ಮತ್ತೆ ಅದೇ ಕೈದಿ. ಸಮುದ್ರ ಕಾಣದ ನೀವು ಸಮುದ್ರ ಕಾಣದ ನಮಗೆ ಆ ಗಾಳಿ ತೋರಿಸಲು ಪ್ರಸಂಗಪೀಠವನ್ನೇ ಹಿಡಿದು ಅಲ್ಲಾಡಿಸುತ್ತಿದ್ದಿರಿ. "ಪ್ರಿಯರೇ... ಹಾಂ... ಊರಾಗಿನ ಮಗ್ಗ ಎಲ್ಲಾ ಒಮ್ಮಿಗೇ ಬಡದಂಗ ಗಾಳಿ!" ನಾನು ಯುವಕರ ಕೂಟದಲ್ಲಿ ಸ್ಟೂಲು ಅಲ್ಲಾಡಿಸಿ ಅದನ್ನೇ ಮಾಡುತ್ತಿದ್ದೆ. ಒಮ್ಮೆ ನೀವು ಬಾಗಿಲಲ್ಲಿ ನಿಂತು ನೋಡಿ, "ಲೇ, ನನ್ನ ಪೌಲಗಿಂತ ನಿನ್ನ ಪೌಲ ಚೊಲೊ ಅದಾನ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಅಂಥ ಮನುಷ್ಯನನ್ನು —

ಇರಲಿ. ಆ ದಿನದ್ದು ಹೇಳುತ್ತೇನೆ.

ಹಿನ್ನೀರಿನ ಆಚೆ ದಂಡೆಯ ಊರಿನಲ್ಲಿ ನಮ್ಮ ಸಭೆಯ ಹುಡುಗಿಯ ಮದುವೆ. ರಸ್ತೆ ಹಿಡಿದರೆ ಭಾಳ ಸುತ್ತು, ದೋಣಿಯಲ್ಲಿ ಹತ್ತಿರ. ನೀವು ಜ್ವರ ಬಂದು ಮನೆಯಲ್ಲಿ ಉಳಿದು, ನಿಮ್ಮ ಮನೆಯ ಅಮ್ಮಾರನ್ನು ನಮ್ಮ ಸಂಗಡ ಕಳಿಸಿದ್ದಿರಿ. ಹುನಗುಂದ ದಾಟಿ ದಂಡೆಗೆ ಬಂದಾಗ ಗಾಳಿ ಎದ್ದಿತ್ತು. ದೋಣಿಯ ಭೀಮಪ್ಪ ಆಕಾಶ ನೋಡಿ, "ನೀವ ಹೇಳ್ರಿ" ಎಂದ. ಹಿರಿಯರಾದ ಸಮುವೇಲಪ್ಪನವರು, "ನಾವ್ಯಾರ ಹೇಳಾಕ? ಅಯ್ಯಾರ ಹೇಳಲಿ" ಎಂದರು.

ನಮ್ಮ ಸಭೆಯ ರೂಢಿ ಅದು. ಯಾವ ಪ್ರಯಾಣಕ್ಕೂ ಮೊದಲು ನಿಮ್ಮ ಪ್ರಾರ್ಥನೆ ಆಗಬೇಕು. ನೀವು ಎದುರಿಗಿಲ್ಲದಿದ್ದರೆ, ಅಯ್ಯಾರು ಹೂಂ ಅಂದರು ಎಂದು ಯಾರೋ ಬಂದು ಹೇಳಿದರೆ ನಡೆಯುವುದಿಲ್ಲ. ನಿಮ್ಮ ದನಿಯೇ ಎಲ್ಲರ ಕಿವಿಗೆ ಬೀಳಬೇಕು. ದಂಡೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ನಾನೇ ದಿಬ್ಬ ಹತ್ತಿ ಫೋನ್ ಮಾಡಿದೆ.

"ಗಾಳಿ ಐತೇನು? ಹಂಗಾರ ಬ್ಯಾಡ ತಮ್ಮಾ," ಎಂದಿರಿ. "ದಂಡಿ ಬಿಡಬ್ಯಾಡ್ರಿ. ಮದುವಿ ತಪ್ಪಿದ್ರ ತಪ್ಪಲಿ."

ಆ ಮದುವೆಯಲ್ಲಿ ನನಗೊಂದು ಮೈಕ್ ಕಾದಿತ್ತು, ಅಯ್ಯಾರ. ಬಾಗಲಕೋಟೆಯ ಆರ್ಕೆಸ್ಟ್ರಾದವನೊಬ್ಬ ನನ್ನನ್ನು ನೋಡಲೆಂದೇ ಬರುವವನಿದ್ದ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ದಿಬ್ಬದ ಮರೆಯಲ್ಲಿ ನಿಂತು, ಫೋನಿಗೆ ಬಾಯಿ ಹಚ್ಚಿ, ನಿಮ್ಮ ಜ್ವರದ ಕೆಮ್ಮು ಕೆಮ್ಮಿ ರೆಕಾರ್ಡ್ ಮಾಡಿದೆ: "ಪ್ರಿಯರೇ... ಹಾಂ... ಹೋಗ್ರಿ. ಅಂಜಬ್ಯಾಡ್ರಿ. ಒಂದ ಜೀವಾನೂ ಹೋಗಂಗಿಲ್ಲ." ಕಡೆಯ ಮಾತು ನಿಮ್ಮ ಪ್ರಸಂಗದ ಪೌಲನದು. ಅವನು ಹಡಗು ಮುರಿಯುವ ಹೊತ್ತಿಗೆ ಆಡಿದ ಮಾತನ್ನು ನಾನು ದೋಣಿ ಬಿಡಿಸಲು ಬಳಸಿದೆ.

ಕೆಳಗಿಳಿದು, ಅಯ್ಯಾರು ಫೋನಿನಲ್ಲಿ ಅಂದದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದೆ ಎಂದು ಕೇಳಿಸಿದೆ. ಸಮುವೇಲಪ್ಪನವರು ಕಣ್ಣು ಕಿರಿದು ಮಾಡಿದರು. "ಲೇ ಮಂಗ್ಯಾ, ಇದು ನಿನ್ನ ದನಿ ಅಲ್ಲ, ಹೌದಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮಾರು ಅಂದರು: "ಅವರದ ರೀ. ನಿನ್ನಿಯಿಂದ ಹಿಂಗ ಕೆಮ್ಮಾಕತ್ತಾರ."

ಹೆಂಡತಿಯ ಕಿವಿಯನ್ನೇ ದಾಟಿದೆನಲ್ಲ ಎಂದು ಆ ಗಳಿಗೆ ಒಳಗೊಳಗೆ ಹಿಗ್ಗಿದೆ. ಹೇಳಲು ನಾಚಿಕೆಯಾಗುತ್ತದೆ — ಹಿಗ್ಗಿದೆ.

ನಡುನೀರಿನಲ್ಲಿ ಎಂಜಿನ್ ನಿಂತಿತು. ತೆರೆ ದೋಣಿಯೊಳಗೆ ಬೀಳತೊಡಗಿತು. ಹೆಣ್ಣುಮಕ್ಕಳು ಚೀರಿದರು, ಭೀಮಪ್ಪ ಬೈಯುತ್ತ ನೀರು ಚೆಲ್ಲುತ್ತಿದ್ದ. ಹಿಂದೆ ಒಂದು ಸಣ್ಣ ತೆಪ್ಪ ಕಟ್ಟಿತ್ತು. ನಾನು ಮೆಲ್ಲಗೆ ಅದರ ಹಗ್ಗಕ್ಕೆ ಕೈ ಹಾಕಿದೆ.

"ಏನ ಮಾಡಾಕತ್ತೀ?" ಅಮ್ಮಾರು.

"ಹಗ್ಗ ಬಿಗಿ ಮಾಡಾಕತ್ತೀನ್ರಿ."

ಪೌಲನ ಹಡಗಿನಲ್ಲಿಯೂ ನಾವಿಕರು ಲಂಗರು ಹಾಕುವ ನೆವ ಮಾಡಿ ಚಿಕ್ಕ ದೋಣಿಯಲ್ಲಿ ಓಡಿಹೋಗಲು ನೋಡುತ್ತಾರೆ. ಆ ಭಾಗ ನಾನು ಎಷ್ಟು ಸಲ ಅಭಿನಯಿಸಿ ನಗಿಸಿದ್ದೆ! ಅಮ್ಮಾರು ನಗಲಿಲ್ಲ, ಬೈಯಲೂ ಇಲ್ಲ. "ಬಾ, ನನ್ನ ಬಾಜೂಕ ಕುಂದ್ರ. ನಿಮ್ಮಂಥಾ ಈಜು ಬರೋರು ಹ್ವಾದ್ರ ಉಳದವರ ಗತಿ ಏನು?" ಎಂದು ಕೈ ಹಿಡಿದು ಕೂಡಿಸಿಕೊಂಡರು. ಆಮೇಲೆ ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ ಎತ್ತಿ ಹಿಡಿದು ಪ್ರಾರ್ಥಿಸಿ, ಮುರಿದು ಎಲ್ಲರಿಗೂ ಕೊಟ್ಟರು. "ತಿನ್ರಿ. ಹೊಟ್ಟ್ಯಾಗ ಕಸುವು ಇರಲಿ. ಒಂದ ಜೀವಾನೂ ಹೋಗಂಗಿಲ್ಲಂತ ಅಯ್ಯಾರು ಹೇಳ್ಯಾರ."

ಮಂದಿ ತಿಂದರು. ಚೀರುವುದು ನಿಂತಿತು. ನಾನೂ ತಿಂದೆ — ನನ್ನದೇ ಸುಳ್ಳಿನ ಮೇಲೆ ಆಶೀರ್ವಾದ ಬೇಡಿದ ರೊಟ್ಟಿ.

ದೋಣಿ ಹೋಗಿ ಮುಳುಗಡೆಯಾದ ಹಳೇ ಊರಿನ ಗೋಡೆಗೆ ಬಡಿದು ಸೀಳಿತು. ಅಮ್ಮಾರು ಹೆಸರು ಹಿಡಿದು ಕೂಗುತ್ತ, ಈಜು ಬರುವವರಿಗೆ ಒಬ್ಬೊಬ್ಬರನ್ನು ಒಪ್ಪಿಸಿದರು. ಹಲಗೆ, ಕೊಡ, ಸಿಕ್ಕದ್ದನ್ನು ಹಿಡಿದು ಎಲ್ಲರೂ ದಂಡೆ ಸೇರಿದೆವು. ನಿಜವಾಗಿ ಒಂದು ಜೀವವೂ ಹೋಗಲಿಲ್ಲ. ಭೀಮಪ್ಪನ ದೋಣಿ ಹೋಯಿತು, ಸಮುವೇಲಪ್ಪನವರ ಸೊಸೆಯ ಕಾಲು ಮುರಿಯಿತು, ನನ್ನ ಫೋನು ನೀರುಪಾಲಾಯಿತು. ಆ ಮಾತೇ ಅವರನ್ನು ಉಳಿಸಿತಲ್ಲ ಎಂದು ಎಷ್ಟೋ ದಿನ ನನಗೆ ನಾನೇ ವಕೀಲನಾಗಿದ್ದೆ. ಆ ಮಾತು ಇರದಿದ್ದರೆ ಅವರು ನೀರಿಗೇ ಇಳಿಯುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ನೀವು ಗಾಬರಿಯಿಂದ ಕೇಳಿದಿರಿ, "ನಾ ಬ್ಯಾಡ ಅಂದಿದ್ನೆಲ್ಲೋ ತಮ್ಮಾ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಅಂದೆ: "ಇಲ್ರಿ ಅಯ್ಯಾರ. ನೀವ ಹೋಗ್ರಿ ಅಂದ್ರಿ."

ನೀವು ಅಮ್ಮಾರ ಕಡೆ ತಿರುಗಿದಿರಿ. ಅವರು ತಲೆ ತಗ್ಗಿಸಿ, "ನಾನೂ ಕೇಳೀನ್ರಿ" ಎಂದರು. ನೀವು ಸಿಟ್ಟಾಗಲಿಲ್ಲ. ಕಣ್ಣು ಮಿಟುಕಿಸದೆ ಕೂತಿರಿ — ತನ್ನ ಮನೆಯಲ್ಲೇ ದಾರಿ ತಪ್ಪಿದವನಂತೆ. "ಜ್ವರದಾಗ ಅಂದಿರಬೇಕು" ಎಂದಿರಿ, ಭಾಳ ಸಣ್ಣಗೆ.

ಅಲ್ಲಿಂದ ನೀವು ನಿಮ್ಮನ್ನೇ ನಂಬುವುದು ಬಿಟ್ಟಿರಿ. ಪ್ರಸಂಗದ ನಡುವೆ ನಿಂತು, "ಈಗ ಏನಂದೆ?" ಎಂದು ಮುಂದಿನ ಸಾಲಿನಲ್ಲಿ ಕೂತ ಅಮ್ಮಾರನ್ನು ಕೇಳುತ್ತಿದ್ದಿರಿ. ಹುಡುಗರು ಅದನ್ನೂ ಮಾಡಿ ತೋರಿಸು ಎಂದು ನನಗೆ ದುಂಬಾಲು ಬಿದ್ದರು. ಮಾಡಲಿಲ್ಲ, ಅದೇನು ದೊಡ್ಡಸ್ತಿಕೆಯಲ್ಲ. ನಿಮ್ಮನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದರು. ಡಾಕ್ಟರು ಏನೂ ಇಲ್ಲ ಎಂದರೆ, "ಅವರಿಗೆ ತಿಳಿದಿಲ್ಲ ಬಿಡ್ರಿ" ಎಂದಿರಿ. ಈಗ ಸಭೆ ಬಿಡುತ್ತೇನೆ ಎಂದಿದ್ದೀರಿ. ಬರುವ ಭಾನುವಾರ ನಿಮ್ಮ ಬೀಳ್ಕೊಡುಗೆ.

ಮೊನ್ನೆ ಮುಂಜಾನೆ ನಿಮ್ಮ ಮನೆಗೆ ಬಂದು ಎಲ್ಲ ಹೇಳಿದೆ. ಅಳುತ್ತ ಹೇಳಿದೆ. ನೀವು ನನ್ನ ತಲೆ ಸವರಿ ಅಂದಿರಿ: "ಈ ಮುದುಕನ್ನ ಸಮಾಧಾನ ಮಾಡಾಕ ನಿನ್ನ ಹೆಸರ ಯಾಕ ಕೆಡಿಸ್ಕೋತಿ, ತಮ್ಮಾ? ನಂಗ ಗೊತ್ತೈತಿ. ನೀ ಭಾಳ ಚೊಲೊ ಹುಡುಗ."

ಜಗತ್ತಿನಲ್ಲಿ ಯಾರೂ ನನಗೆ ಇಷ್ಟು ಜೋರಾಗಿ ಹೊಡೆದಿಲ್ಲ.

ನಿಮಗೆ ನನ್ನ ಮಾತು ಸಾಲದು ಎಂದು ಈಗ ಗೊತ್ತಾಗಿದೆ. ಭಾನುವಾರದ ಕಾರ್ಯಕ್ರಮಕ್ಕೆ ಸಮುವೇಲಪ್ಪನವರು ನನ್ನನ್ನೇ ಕರೆದಿದ್ದಾರೆ: "ಅಯ್ಯಾರ ದನಿ ಒಮ್ಮೆ ತಗಿಯಲೇ. ಹೋಗೂವಾಗ ಅವರೂ ನಕ್ಕೋತ ಹೋಗಲಿ." ಹೂಂ ಎಂದಿದ್ದೇನೆ. ಭೀಮಪ್ಪನಿಗೂ ಬರಲು ಹೇಳಿದ್ದೇನೆ. ಅಮ್ಮಾರನ್ನು ಮುಂದೆ ಕೂಡಿಸಿ, ಮೈಕ್ ಹಿಡಿದು, ಆ ದಿನದ ಕೆಮ್ಮು ಕೆಮ್ಮಿ, ಆ ದಿನದ ಮಾತುಗಳನ್ನು ಒಂದೂ ಬಿಡದೆ ಆಡುತ್ತೇನೆ. ಮೊದಲು ಮಂದಿ ನಗುತ್ತಾರೆ, ಗೊತ್ತು. ಆಮೇಲೆ, ದಂಡೆಯ ಮೇಲೆ ಕೇಳಿದ ದನಿಯ ಗುರುತು ಹಿಡಿದ ಅಮ್ಮಾರ ಮುಖ ನೋಡುತ್ತಾರೆ.