ಜಗಳಕ್ಕೆ ಬರುತ್ತಿದ್ದ ಕೂಸು

ಕಳೆದ ವಾರ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳು ನನ್ನ ಸೀಟಿನ ಪಕ್ಕ ನಿಂತಿದ್ದಳು. ಹಳೆಯ ಸೀರೆಯಲ್ಲಿ ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. ಬಸ್ಸು ಜೋಲಿ ಹೊಡೆದಾಗಲೆಲ್ಲ ಆ ಬಟ್ಟೆ ನನ್ನ ಮುಖದ ಹತ್ತಿರ ಬರುತ್ತಿತ್ತು. ಹುಳಿತ ಹಾಲು, ಬೆವರು, ಮಗ್ಗದ ಎಣ್ಣೆಯ ನಾತ. ನಾನು ಸಣ್ಣವನಿದ್ದಾಗ ಬೋರಗಾಂವದಲ್ಲಿ ನಮ್ಮ ಪಕ್ಕದ ಮನೆಯವಳು, ಚಿಕ್ಕಮ್ಮನೆಂಬಂತೆ ನಾವು ಕಾಕು ಎನ್ನುತ್ತಿದ್ದವಳು, ಹೀಗೇ ನಾರುತ್ತಿದ್ದಳು.

ಅವಳು ನನಗೆ ಆಗ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ. ಗಂಡ ಮಗ್ಗ ನಡೆಸುತ್ತಿದ್ದ, ಅವಳು ನೂಲು ಸುತ್ತುತ್ತಿದ್ದಳು. ನಮ್ಮ ಬಚ್ಚಲ ನೀರು ಅವಳ ಹೊಸ್ತಿಲ ಮುಂದೆ ಹರಿಯುತ್ತಿತ್ತು. ಅದಕ್ಕಾಗಿ ದಿನ ಬೆಳಗಾದರೆ ನಮ್ಮ ಬಾಗಿಲಿಗೆ ಬಂದು ಅವ್ವನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಅವ್ವನೂ ಬಿಡುವವಳಲ್ಲ. ಓಣಿಯ ತುಂಬ ಮಗ್ಗಗಳ ಸದ್ದು, ಬೈಗುಳವನ್ನೂ ಕೂಗಿಯೇ ಹೇಳಬೇಕು. ಜಗಳಕ್ಕೆ ಅವಳ ಕೂಸೂ ಬರುತ್ತಿತ್ತು. ವರ್ಷ ತುಂಬದ ಹೆಣ್ಣು ಕೂಸು, ಬೆನ್ನಿಗೆ ಬಿಗಿದದ್ದು. ಕಾಕು ಕೈ ಬೀಸಿದಂತೆಲ್ಲ ಅದು ಕುಣಿಯುತ್ತಿತ್ತು, ಹೆಗಲ ಮೇಲಿಂದ ನಮ್ಮನ್ನು ನೋಡಿ ನಗುತ್ತಿತ್ತು. ಬೈಯುತ್ತಿದ್ದ ಅವ್ವನಿಗೂ ಒಮ್ಮೊಮ್ಮೆ ನಗೆ ತಡೆಯಲಾಗುತ್ತಿರಲಿಲ್ಲ.

“ನಗತಿ ಯಾಕಬೇ, ನಾಚಿಕಿಲ್ಲ?” ಎಂದು ಕಾಕು ರೇಗುತ್ತಿದ್ದಳು.

“ನಿನ್ನ ನೋಡಿ ಯಾರ ನಗತಾರ? ನಿನ್ನ ಮಾರಿಗಿಂತ ನಿನ್ನ ಬೆನ್ನ ಚಂದ ಐತಿ.”

ಅವರ ಕೊನೆಯ ಜಗಳದ ದಿನ ನಾನು ಅವ್ವನ ಪಕ್ಕದಲ್ಲೇ ಇದ್ದೆ. ಅಷ್ಟು ಮಾತ್ರ ಖಚಿತ. ಕೂಸಿನ ತಲೆ ಕಾಕುವಿನ ಹೆಗಲ ಮೇಲೆ ವಾಲಿತ್ತು, ತುಟಿ ಕಪ್ಪಿಟ್ಟಿತ್ತು... ಅಥವಾ ಆಮೇಲೆ ಕೇಳಿದ ಮಾತುಗಳಿಂದ ನಾನೇ ಆ ಮುಖವನ್ನು ಕಟ್ಟಿಕೊಂಡೆನೋ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದವನು ನಾನು, ನನ್ನ ಕಣ್ಣಿನ ಸಾಕ್ಷಿಯನ್ನೇ ನಂಬುವುದಿಲ್ಲ.

ಬೈಯುತ್ತಿದ್ದ ಅವ್ವ ನಡುವೆ ನಿಲ್ಲಿಸಿ, “ಏ, ಕೂಸಿನ ಕಡೆ ನೋಡಬೇ,” ಎಂದದ್ದು ನಿಜ. ಸೋಲುವಾಗ ಮಾತು ತಿರುಗಿಸುತ್ತಿದ್ದಾಳೆ ಎಂದು ಕಾಕು ತಿಳಿದಳು.

“ಬಾಯಿ ಸೋತ ಮ್ಯಾಲ ಕೂಸ ನೆಪ್ಪಾತೇನ? ನನ್ನ ಕೂಸಿಗೆ ಕಣ್ಣ ಹಚ್ಚಬ್ಯಾಡ. ಗಪ್ ಬಸ್, ಬಾಯಿ ಮುಚ್ಚ.”

ಹೊತ್ತವಳಿಗೆ ಬೆನ್ನ ಮೇಲಿನ ಮುಖ ಕಾಣುವುದಿಲ್ಲ. ಅವಳು ಬೈಯುತ್ತಲೇ ಇದ್ದಳು. ಕೊನೆಗೆ ಅವ್ವನೇ ಕಟ್ಟೆ ಇಳಿದು ಹೋಗಿ ಕೂಸನ್ನು ಇಳಿಸಲು ಅವಳ ಎದೆಯ ಮೇಲಿನ ಸೀರೆಯ ಗಂಟಿಗೆ ಕೈ ಹಾಕಿದಳು. ನಿಪ್ಪಾಣಿಗೆ ಒಯ್ದಾಗ ಡಾಕ್ಟರು ಜೀವ ಹೋಗಿದೆ ಎಂದರಂತೆ. ರಾತ್ರಿಯಿಂದ ಜ್ವರವಿತ್ತಂತೆ. ಜ್ವರದ ಕೂಸನ್ನು ಕಟ್ಟಿಕೊಂಡು ಜಗಳಕ್ಕೆ ಬಂದವಳು ಅವಳೇ ತಾನೇ?

ಅಂದಿನಿಂದ ಕಾಕು ಬಚ್ಚಲ ನೀರಿನ ಸುದ್ದಿ ಎತ್ತಲಿಲ್ಲ. ಸಿಕ್ಕ ಸಿಕ್ಕವರಿಗೆ ಒಂದೇ ಮಾತು: “ಆಕಿ ಮೊದಲ ನೋಡಿದ್ಲು. ನೋಡಿನೂ ಬೈಕೋತ ನಿಂತ್ಲು.” ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ನನ್ನ ಶಾಲೆಯ ಬಾಗಿಲಲ್ಲಿ ಕೂಡ ಆ ಮಾತು ಕೇಳಿಬಂತು. ಕಂಡ ಕೂಡಲೇ ಹೇಳಿದೆ ಎಂದು ಅವ್ವ ದೇವರ ಆಣೆ ಮಾಡುತ್ತಿದ್ದಳು. ಯಾರೂ ನಂಬಲಿಲ್ಲ. ಕಡೆಗೆ ಊರು ಬಿಟ್ಟು ಚಿಕ್ಕೋಡಿಗೆ ಬಂದೆವು. ಅದಕ್ಕಾಗಿ ಕಾಕುವನ್ನು ನಾನು ಕ್ಷಮಿಸಲಿಲ್ಲ. ತನ್ನ ಹಟವನ್ನು ಮುಚ್ಚಿಕೊಳ್ಳಲು ಅವ್ವನನ್ನು ಕೊಲೆಗಾರ್ತಿ ಮಾಡಿದಳು... ಹಾಗೆಂದೇ ನಂಬಿದ್ದೆ.

ಕಳೆದ ವಾರ ಆ ಬಸ್ಸಿನಿಂದ ನಿಪ್ಪಾಣಿಯಲ್ಲಿ ಇಳಿದಾಗ ಹಳೆಯ ಓಣಿಯವನೊಬ್ಬ ಸಿಕ್ಕಿದ. ಕಾಕು ತೀರಿಕೊಂಡು ತಿಂಗಳಾಯಿತು ಎಂದ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಮೆಂತ್ಯಸೊಪ್ಪಿನ ಎಲೆ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಚಲೋ ಆತು,” ಎಂದಳು. ಆಮೇಲೆ ಇನ್ನೊಂದು ಕಟ್ಟು ಬಿಚ್ಚುತ್ತ, “ನಾ ನೋಡಿದ್ದೆ ಲೇ. ಆಕಿ ಬರೂವಾಗನ ನೋಡಿದ್ದೆ. ನಿದ್ದಿ ಹತ್ತೇತಿ ಅನಕೊಂಡೆ.”

ನಿದ್ದೆ ಎಂಬುದು ಅವ್ವನ ನೆನಪೋ, ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡ ಸಮಾಧಾನವೋ, ನನಗೆ ತಿಳಿಯಲಿಲ್ಲ.

“ಮತ್ತ ಇಷ್ಟ ದಿನಾ ಯಾಕ ಇಲ್ಲ ಅಂದಿ ಅವ್ವಾ?”

“ನಿದ್ದಿ ಅನಕೊಂಡೆ ಅಂದ್ರ ಆಕಿ ಕೇಳೂವಾಕಿ ಇದ್ಲೇನು?” ಅವ್ವ ಸೊಪ್ಪಿನ ಬುಟ್ಟಿಯನ್ನು ನನ್ನತ್ತ ನೂಕಿದಳು. “ಹೋಗ, ಈಗ ಹೇಳಿ ಬಾ ಆಕಿಗೆ.”